ಸರ್ಕಾರಿ ನೌಕರಿಗೆ ಏಳು ಅಡಿ ಒಂಬತ್ತು ಇಂಚು

ಕೆಲಸವನ್ನು ಕ್ರಮವಾಗಿ ಮಾಡಿದರೆ ಫಲವೂ ಕ್ರಮವಾಗಿ ಬರುತ್ತದೆ ಎಂದು ಬಿ.ಎಸ್ಸಿ.ಯಲ್ಲಿ ಮೂರು ವರ್ಷ ಕಲಿಸಿದ್ದರು. ಡಾರ್ಟ್ಸ್ ಹಿಡಿದ ಮೇಲೆ ಒಮ್ಮೆಯೂ ಹಾಗಾಗಲಿಲ್ಲ. ಆದದ್ದೆಲ್ಲ ಬೇರೆಯೇ, ಅದೂ ಒಂದರ ಹಿಂದೆ ಒಂದು. ಈ ಆಟವನ್ನೇ ನಂಬಿ ಹೊಟ್ಟೆ ಹೊರೆಯಲು ಹೊರಟವನು ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಆದ್ದರಿಂದ ನಡೆದದ್ದನ್ನು ಬರೆದಿಡುವ ಜವಾಬ್ದಾರಿಯೂ ನನ್ನ ಮೇಲೇ ಬಿದ್ದಿದೆ.

೧. ಗಡಿಯಾರದ ಜೊತೆ ಬಂದದ್ದು

ಅಣೆಕಟ್ಟಿನ ಕಾಲೊನಿಯಲ್ಲಿ ಎಂಜಿನಿಯರುಗಳ ಕ್ಲಬ್ಬೊಂದಿತ್ತು. ಅವರೆಲ್ಲ ವರ್ಗವಾಗಿ ಹೋದ ಮೇಲೆ ಕ್ಲಬ್ಬಿನ ಸಾಮಾನು ಹರಾಜಾಯಿತು. ನಮ್ಮ ಅಪ್ಪ ನಿವೃತ್ತ ಹೆಡ್‌ಮಾಸ್ಟರು. ಅಲ್ಲಿದ್ದ ಗೋಡೆ ಗಡಿಯಾರದ ಮೇಲೆ ಅವರ ಕಣ್ಣು. ಆದರೆ ಹರಾಜು ಕೂಗುವವನು ಗಡಿಯಾರವನ್ನು ಬಿಡಿಯಾಗಿ ಕೊಡಲು ಒಪ್ಪಲಿಲ್ಲ. ಗೋಡೆಗೆ ತೂಗುಹಾಕುವ ಸಾಮಾನನ್ನೆಲ್ಲ ಅವನು ಒಂದೇ ಗುಂಪು ಮಾಡಿದ್ದ. ಹೀಗೆ ಗಡಿಯಾರದ ಬೆನ್ನಿಗೆ ಒಂದು ಡಾರ್ಟ್ ಬೋರ್ಡು, ಮೂರು ಪುಟ್ಟ ಬಾಣಗಳು ಮತ್ತು ಆಟದ ನಿಯಮಗಳ ಒಂದು ಪುಸ್ತಿಕೆ ಸಾಗರಕ್ಕೆ ಬಂದವು.

ಬೋರ್ಡು ಎಂದರೆ ನಾರು ಒತ್ತಿ ಮಾಡಿದ ದಪ್ಪನೆಯ ದುಂಡು ಹಲಗೆ. ಸುತ್ತಲೂ ಒಂದರಿಂದ ಇಪ್ಪತ್ತರವರೆಗೆ ಅಂಕಿಗಳು, ಹಿಂದುಮುಂದಾಗಿ. ಏಳು ಅಡಿ ಒಂಬತ್ತು ಇಂಚು ದೂರದಲ್ಲಿ ನಿಂತು ಬಾಣ ಎಸೆಯಬೇಕು. ನನಗೆ ಆಗಷ್ಟೇ ಬಿ.ಎಸ್ಸಿ. ಮುಗಿದಿತ್ತು. ಮಾಡಲು ಬೇರೇನೂ ಇರಲಿಲ್ಲ. ದಿನಕ್ಕೆ ಇನ್ನೂರು ಎಸೆತ ಎಂದು ಲೆಕ್ಕ ಹಾಕಿಕೊಂಡು, ಪ್ರತಿಯೊಂದೂ ಎಲ್ಲಿ ಬಿತ್ತೆಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಎರಡು ವರ್ಷ ಕಳೆದೆ.

ಗಡಿಯಾರ ನಾಲ್ಕೇ ದಿನ ಓಡಿ ನಿಂತಿತು. ಅಪ್ಪ ಅದನ್ನು ಬೋರ್ಡಿನ ಪಕ್ಕದಲ್ಲೇ ತೂಗುಹಾಕಿದ್ದರು.

ಒಂದು ದಿನ ಪಕ್ಕದ ಮನೆಯ ಪೋಸ್ಟ್‌ಮಾಸ್ಟರು ಬಂದು ಗೋಡೆಯನ್ನೇ ನೋಡುತ್ತ ನಿಂತರು. ಬೋರ್ಡಿಗೆ ಚುಚ್ಚಿಕೊಂಡಿದ್ದ ಬಾಣವನ್ನು ಅವರು ಮುಳ್ಳು ಎಂದುಕೊಂಡಿದ್ದರು.

"ಎಂತ ಮಾಷ್ಟ್ರೆ, ಎರಡು ಗಡಿಯಾರ ಉಂಟು, ಎರಡೂ ನಿಂತಿದ್ಯಲ್ಲ?"

ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ಎರಡಲ್ಲ, ಮೂರು. ಮೂರನೇದು ಅವುಗಳ ಎದುರಿಗೆ ಪ್ಯಾಂಟ್ ಹಾಕ್ಕೊಂಡು ನಿಂತಿದೆ ನೋಡಿ."

೨. ಪ್ರಥಮ ಸ್ಥಾನ

ಅಪ್ಪ ನನಗೆ ದೀಪಾವಳಿಯವರೆಗೆ ಗಡುವು ಕೊಟ್ಟರು. ಅಷ್ಟರೊಳಗೆ ಸ್ವಂತ ಪ್ರಯತ್ನದಿಂದ ನೌಕರಿ ಸಿಗದಿದ್ದರೆ ತೀರ್ಥಹಳ್ಳಿಯಲ್ಲಿರುವ ಚಿಕ್ಕಪ್ಪನ ರೈಸ್‌ಮಿಲ್ಲಿಗೆ ಹೋಗಿ ಕೂರಬೇಕು. ಮಿಲ್ಲಿನ ತೌಡಿನ ಧೂಳಿಗೆ ನನಗೆ ಸೀನು ಬರುತ್ತದೆ. ಒಮ್ಮೆ ಹೋಗಿದ್ದಾಗ ಎಪ್ಪತ್ತೆರಡು ಸಲ ಸೀನಿದ್ದೆ. "ಮೊದಲ ಹತ್ತು ವರ್ಷ ಎಲ್ಲರಿಗೂ ಹಾಗೇ" ಎಂದು ಚಿಕ್ಕಪ್ಪ ಸಮಾಧಾನ ಹೇಳಿದ್ದರು.

ಆಗಲೇ ಒಂದು ಸರ್ಕಾರಿ ಇಲಾಖೆಯಲ್ಲಿ ಪ್ರಯೋಗಾಲಯ ಸಹಾಯಕರ ಹುದ್ದೆಗೆ ಅರ್ಜಿ ಕರೆದರು. ಅದರಲ್ಲಿ ಒಂದು ಹುದ್ದೆ ಕ್ರೀಡಾಪಟುಗಳಿಗೆ ಮೀಸಲು. ಆಟ ಯಾವುದಾದರೂ ಆಗಬಹುದು, ಅದರಲ್ಲಿ ಪ್ರಥಮ ಸ್ಥಾನ ಬಂದಿರಬೇಕು. ನಾನು ಶಿವಮೊಗ್ಗಕ್ಕೆ ಹೋಗಿ ಆ ಕಚೇರಿಯ ಗುಮಾಸ್ತರ ಎದುರು ನಿಂತೆ.

"ಎಂತ ಆಟ?"

"ಡಾರ್ಟ್ಸ್, ಸಾರ್. ಬಾಣ ಎಸೆಯೋದು."

"ಇದುವರೆಗೆ ಯಾರನ್ನ ಸೋಲಿಸಿದೀರಿ?"

"ಯಾರನ್ನೂ ಇಲ್ಲ ಸಾರ್. ನಮ್ಮ ಕಡೆ ಇದನ್ನ ಆಡೋನು ನಾನೊಬ್ಬನೇ."

ಗುಮಾಸ್ತರು ಕನ್ನಡಕ ತೆಗೆದರು. "ಹಾಗಾದ್ರೆ ನಿಮ್ಮ ಕಡೆ ನೀವೇ ಪ್ರಥಮ."

ನನಗೆ ಜೀವ ಬಂತು. "ಹೌದು ಸಾರ್."

"ಕೊನೆಯವರೂ ನೀವೇ. ಕೊನೆಗೆ ಬಂದವರಿಗೆ ಕೆಲಸ ಕೊಡೋ ನಿಯಮ ಇಲ್ಲ."

೩. ಹೊಸನಗರದ ಗೌಡರು

ನಿಯಮ ಇರುವುದು ಹೀಗೆ ಎಂದು ಗುಮಾಸ್ತರು ಓದಿ ಹೇಳಿದರು. ಕನಿಷ್ಠ ಮೂರು ತಾಲ್ಲೂಕಿನವರು ಆಡಿದ ಪಂದ್ಯದಲ್ಲಿ ಗೆದ್ದಿರಬೇಕು. ಪ್ರಮಾಣಪತ್ರಕ್ಕೆ ಗೆಜೆಟೆಡ್ ಅಧಿಕಾರಿಯ ಸಹಿ ಇರಬೇಕು. ಅಂದರೆ ನಾನು ಗೆಲ್ಲಬೇಕಾದರೆ ಮೊದಲು ನನ್ನ ಎದುರಾಳಿಗಳನ್ನು ನಾನೇ ತಯಾರು ಮಾಡಿಕೊಳ್ಳಬೇಕು. ಬೋರ್ಡನ್ನು ಗೋಣಿಚೀಲಕ್ಕೆ ಹಾಕಿಕೊಂಡು ಹೊಸನಗರದ ಬಸ್ಸು ಹತ್ತಿದೆ.

ಅಲ್ಲಿ ಗುರಿ ಎಂದ ಕೂಡಲೇ ಎಲ್ಲರೂ ಒಬ್ಬ ಗೌಡರ ಮನೆ ತೋರಿಸಿದರು. ಹಿಂದೆ ದೊಡ್ಡ ಶಿಕಾರಿ. ಬೇಟೆ ನಿಷೇಧದ ಕಾನೂನು ಬಂದ ಮೇಲೆ ಕೋವಿಯನ್ನು ಗೋಡೆಗೆ ತೂಗುಹಾಕಿ, ದಿನಾ ಅದರ ಕೆಳಗೆ ಕೂತು ನಿಟ್ಟುಸಿರು ಬಿಡುತ್ತಿದ್ದರು. ನಾನು ಕೋವಿಯ ಪಕ್ಕದಲ್ಲಿ ಬೋರ್ಡು ತೂಗುಹಾಕಿ, ಟೇಪು ಹಿಡಿದು ನೆಲಕ್ಕೆ ಸೀಮೆಸುಣ್ಣದ ಗೆರೆ ಎಳೆದೆ.

ಗೌಡರು ಗೆರೆಯನ್ನು ನೋಡಿದರು. ಆಮೇಲೆ ಬೋರ್ಡನ್ನು ನೋಡಿದರು. "ಇಷ್ಟೇ ದೂರವಾ?"

"ಏಳು ಅಡಿ ಒಂಬತ್ತು ಇಂಚು."

"ಅಷ್ಟು ಹತ್ರ ಬಂದಿದ್ದನ್ನ ಹೊಡೆಯೋದಲ್ಲ ತಮ್ಮಾ, ಮಾತಾಡ್ಸೋದು."

ಆದರೂ ಎಸೆದರು. ಮೂರು ಬಾಣವೂ ನಟ್ಟನಡುವಿನ ಬೊಟ್ಟಿಗೆ ಹೋಗಿ ಕೂತವು. ನನ್ನ ಎರಡು ವರ್ಷದ ನೋಟ್‌ಬುಕ್ಕಿನಲ್ಲಿ ಅಂಥದ್ದು ಎರಡೇ ಸಲ ಆಗಿತ್ತು. ನನಗೆ ತೌಡಿನ ವಾಸನೆ ಬಂದಂತಾಯಿತು.

"ಒಂದಕ್ಕೆ ಎಷ್ಟು?" ಗೌಡರು ಕೇಳಿದರು.

"ಐವತ್ತು."

"ಅದೇ ಅಲ್ವಾ ಎಲ್ಲಕ್ಕಿಂತ ಹೆಚ್ಚು?"

"ಅಲ್ಲ. ಇಲ್ಲಿ ಇಪ್ಪತ್ತರ ಮನೆಯೊಳಗೆ ಒಂದು ಸಣ್ಣ ಪಟ್ಟಿ ಇದೆ ನೋಡಿ. ಅದಕ್ಕೆ ಅರವತ್ತು."

ಗೌಡರ ಮುಖ ಕೆಂಪಾಯಿತು. "ಎದೆಗೆ ಹೊಡೆದವನಿಗೆ ಐವತ್ತು, ಕಿವಿಗೆ ಹೊಡೆದವನಿಗೆ ಅರವತ್ತಾ? ನಮ್ಮಲ್ಲಿ ಹಂದಿ ಬಿದ್ರೆ ಗುಂಡು ಹೊಡೆದವನಿಗೆ ತೊಡೆ ಪಾಲು. ಕೂಗು ಹಾಕಿದವನಿಗೂ ಪಾಲು. ನಾಯಿಗೂ ಪಾಲು ಉಂಟು. ಕಿವಿಗೆ ಹೊಡೆದವನಿಗೆ ಬೈಗಳ ಬಿಟ್ರೆ ಎಂತದೂ ಇಲ್ಲ. ಈ ಆಟ ಮಾಡಿದವನು ಕಾಡೇ ನೋಡಿಲ್ಲ ಬಿಡು. ನಾನು ಬರ್ತೀನಿ, ಆಡ್ತೀನಿ. ಆದ್ರೆ ಹೊಡೆಯೋದು ನಡುವಿಗೆ ಮಾತ್ರ."

ವಾಪಸ್ಸು ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಕೂತು ಲೆಕ್ಕ ಹಾಕಿದೆ. ಈ ಆಟದಲ್ಲಿ ಪ್ರತಿಯೊಬ್ಬನಿಗೂ ಐನೂರ ಒಂದು ಅಂಕ ಕೊಟ್ಟಿರುತ್ತಾರೆ. ಸರದಿಗೆ ಮೂರು ಬಾಣ. ಹೊಡೆದಷ್ಟನ್ನು ಅದರಿಂದ ಕಳೆಯುತ್ತ ಸರಿಯಾಗಿ ಸೊನ್ನೆಗೆ ಮುಟ್ಟಬೇಕು. ಒಂದು ಉಳಿದರೆ ಆ ಸರದಿ ಲೆಕ್ಕಕ್ಕಿಲ್ಲ, ಮತ್ತೆ ಮೊದಲಿದ್ದಲ್ಲಿಗೇ ಹೋಗಬೇಕು. ನಡುವಿನ ಬೊಟ್ಟಿಗೆ ಐವತ್ತು, ಅದರ ಸುತ್ತಿನ ಬಳೆಗೆ ಇಪ್ಪತ್ತೈದು. ಐನೂರ ಒಂದರಿಂದ ಐವತ್ತನ್ನಾಗಲಿ ಇಪ್ಪತ್ತೈದನ್ನಾಗಲಿ ಎಷ್ಟು ಸಲ ಕಳೆದರೂ ಕೊನೆಗೆ ಒಂದು ಉಳಿದೇ ಉಳಿಯುತ್ತದೆ. ನನ್ನನ್ನು ಸೋಲಿಸಬೇಕಾದರೆ ಗೌಡರು ಒಮ್ಮೆಯಾದರೂ ಗುರಿ ತಪ್ಪಬೇಕು.

ಗೌಡರು ಗುರಿ ತಪ್ಪುವವರಲ್ಲ. ಅವರ ಮೇಲೆ ನನಗೆ ಪೂರ್ಣ ವಿಶ್ವಾಸ ಹುಟ್ಟಿತು.

೪. ಬಸ್ಸಿನಲ್ಲಿ

ಮರುವಾರ ತೀರ್ಥಹಳ್ಳಿ ಬಸ್ಸು. ಕಂಡಕ್ಟರು ಗೋಣಿಚೀಲ ಮುಟ್ಟಿ ನೋಡಿದ.

"ಎಂತದ್ರೀ ಇದು, ಬಂಡಿ ಚಕ್ರವಾ?"

"ಅಲ್ಲ. ಇದಕ್ಕೆ ಬಾಣ ಹೊಡೆಯೋದು."

"ಯಾಕೆ, ಅದೆಂತ ಮಾಡಿತ್ತು?"



೫. ತೀರ್ಥಹಳ್ಳಿಯ ಕಂಪೌಂಡರು

ತೀರ್ಥಹಳ್ಳಿಯಲ್ಲಿ ಆಟಗಾರನನ್ನು ಹುಡುಕಿಕೊಟ್ಟವರು ಚಿಕ್ಕಪ್ಪನೇ. ಅವರ ಗೆಳೆಯರೊಬ್ಬರು ಯಾವುದೋ ಹೋಬಳಿಯ ದನದ ಆಸ್ಪತ್ರೆಯಲ್ಲಿ ಕಂಪೌಂಡರಾಗಿದ್ದು ನಿವೃತ್ತರಾಗಿದ್ದರು. "ಜೀವಮಾನವಿಡೀ ಸೂಜಿ ಚುಚ್ಚಿದವರು ಮಾರಾಯ. ನಿನ್ನ ಬಾಣಕ್ಕೆ ಇವರೇ ಸರಿ" ಎಂದರು ಚಿಕ್ಕಪ್ಪ.

ಕಂಪೌಂಡರು ಬಹಳ ಸಜ್ಜನರು. ಹೇಳಿದ್ದಕ್ಕೆಲ್ಲ "ಆಯ್ತು ಮಾರಾಯ್ರೆ" ಎನ್ನುವವರು. ನಾನು ಅವರಿಂದ ಅರವತ್ತು ಬಾಣ ಎಸೆಸಿದೆ. ಪ್ರತಿಯೊಂದಕ್ಕೂ ಮೊದಲು ಗುರಿ ಯಾವುದೆಂದು ಅವರು ಹೇಳಬೇಕು, ಬಿದ್ದದ್ದೆಲ್ಲೆಂದು ನಾನು ಬರೆಯಬೇಕು.

ಇಪ್ಪತ್ತು ಎಂದರು, ಏಳಕ್ಕೆ ಬಿತ್ತು. ಏಳು ಎಂದರು, ಹದಿನೆಂಟಕ್ಕೆ ಬಿತ್ತು. ನಡುವಿಗೆ ಎಂದರು, ಚಿಕ್ಕಪ್ಪನ ಕ್ಯಾಲೆಂಡರಿಗೆ ಬಿತ್ತು. ಇಪ್ಪತ್ತು ಮನೆಗಳಿರುವ ಬೋರ್ಡಿಗೆ ಕಣ್ಣು ಮುಚ್ಚಿ ಎಸೆದರೂ ಅರವತ್ತರಲ್ಲಿ ಮೂರಾದರೂ ಹೇಳಿದಲ್ಲಿಗೆ ಬೀಳಬೇಕು. ಕಂಪೌಂಡರದ್ದು ಒಂದೂ ಬೀಳಲಿಲ್ಲ. ಕಣ್ಣು ತೆರೆದು ಇಷ್ಟನ್ನು ಸಾಧಿಸಿದವರನ್ನು ನಾನು ಬೇರೆ ನೋಡಿಲ್ಲ.

ನೌಕರಿಯ ವಿಷಯವನ್ನು ನಾನು ಗೌಡರಿಗೂ ಹೇಳಿರಲಿಲ್ಲ, ಇವರಿಗೂ ಹೇಳಲಿಲ್ಲ. ಹೇಳಿದರೆ ಕನಿಕರಪಟ್ಟು ಬೇಕೆಂದೇ ಸೋಲುತ್ತಾರೆ. ಅದು ಮೋಸವಾಗುತ್ತದೆ. ಎದುರಾಳಿಗಳನ್ನು ನೋಡಿ ಆರಿಸಿಕೊಳ್ಳುವುದು ಮೋಸವಲ್ಲ, ಅದು ವಿಧಾನ.

ಹೊರಡುವಾಗ ಒಂದು ಸಂಶಯ ಉಳಿಯಿತು. "ಅಲ್ಲ ಕಂಪೌಂಡರೇ, ಇಷ್ಟು ವರ್ಷ ಇಂಜೆಕ್ಷನ್ ಹೇಗೆ ಕೊಟ್ರಿ?"

"ಎಮ್ಮೆ ಅಗಲ ಇರ್ತದಲ್ಲ ಮಾರಾಯ್ರೆ."

೬. ಪಂದ್ಯ

ಅರ್ಜಿಗೆ ಕೊನೆಯ ದಿನ ಇನ್ನೂ ಒಂದು ವಾರ ಇರುವಾಗ ಸಾಗರದಲ್ಲಿ, ನಮ್ಮ ಬೀದಿಯ ಹೋಟೆಲಿನ ಮಹಡಿಯ ಮೇಲೆ, ಬೆಳಿಗ್ಗೆ ಹತ್ತು ಗಂಟೆಗೆ ಪಂದ್ಯ. ಮೂರು ತಾಲ್ಲೂಕು, ಮೂರು ಆಟಗಾರರು. ಚೀಟಿ ಎತ್ತಿದಾಗ ಮೊದಲು ನಾನೂ ಗೌಡರೂ ಆಡುವುದು, ಗೆದ್ದವರು ಕಂಪೌಂಡರ ಜೊತೆ ಆಡುವುದು ಎಂದಾಯಿತು. ಅಂಕ ಕಳೆಯಲು ಕರಿಹಲಗೆಯ ಪಕ್ಕ ಅಪ್ಪ. ಪ್ರಮಾಣಪತ್ರಕ್ಕೆ ಸಹಿ ಹಾಕಲು ದನದ ಡಾಕ್ಟರು. ಅವರು ಗೆಜೆಟೆಡ್ ಅಧಿಕಾರಿ, ಆಗಷ್ಟೇ ಸಾಗರಕ್ಕೆ ವರ್ಗವಾಗಿ ಬಂದಿದ್ದರು. ಬಾಗಿಲಲ್ಲಿ ಕಂಪೌಂಡರನ್ನು ಕಂಡು "ಓಹೋ, ನೀವಾ!" ಎಂದು ಎರಡು ಹೆಜ್ಜೆ ಹಿಂದೆ ಸರಿದು ಕೂತರು. ಹನ್ನೆರಡು ವರ್ಷ ಒಂದೇ ಆಸ್ಪತ್ರೆಯಲ್ಲಿ ಇದ್ದವರಂತೆ.

ಗೌಡರು ಇಬ್ಬರು ಆಳುಗಳನ್ನು ಕರೆತಂದಿದ್ದರು. ಕಾಡಿನಲ್ಲಿ ಕೂಗು ಹಾಕಿ ಪ್ರಾಣಿ ಎಬ್ಬಿಸುವವರು ಇಲ್ಲದೆ ತಾನು ಯಾವತ್ತೂ ಹೊಡೆದದ್ದಿಲ್ಲ ಎಂದರು. ನಿಯಮದ ಪುಸ್ತಿಕೆಯಲ್ಲಿ ಇದಕ್ಕೆ ವಿರುದ್ಧ ಏನೂ ಇರಲಿಲ್ಲ. ಇಬ್ಬರೂ ಬೋರ್ಡಿನ ಎಡಬಲಕ್ಕೆ ನಿಂತು ಪ್ರತಿ ಎಸೆತಕ್ಕೂ "ಹೋ... ಹೋ..." ಎಂದು ಕೂಗಿದರು. ಕೆಳಗೆ ಕಾಫಿ ಕುಡಿಯುತ್ತಿದ್ದವರೂ ಲೋಟ ಹಿಡಿದು ಮೇಲೆ ಬಂದರು.

ಗೌಡರು ಬಡಬಡನೆ ಐವತ್ತೊಂದಕ್ಕೆ ಇಳಿದರು. ಅಲ್ಲಿಂದ ಒಂದು ಐವತ್ತು ಹೊಡೆದರು. ಒಂದು ಉಳಿಯಿತು. ಅಪ್ಪ ಅಳಿಸಿ ಮತ್ತೆ ಐವತ್ತೊಂದು ಬರೆದರು. ಮುಂದಿನ ಸರದಿಯಲ್ಲೂ ಅದೇ. ಅದರ ಮುಂದೆಯೂ ಅದೇ. ನಾನು ಅವಸರವಿಲ್ಲದೆ ನನ್ನ ಪಾಡಿಗೆ ಸೊನ್ನೆ ಮುಟ್ಟಿದೆ.

ಗೌಡರಿಗೆ ಬೇಸರವಾಗಲಿಲ್ಲ. "ಒಂದು ಉಳೀತು, ಉಳೀಲಿ. ಕಾಡಲ್ಲೂ ನಾವು ಬೀಜಕ್ಕೆ ಅಂತ ಒಂದು ಬಿಟ್ಟೇ ಬರ್ತಿದ್ವಿ."

ಇನ್ನು ಕಂಪೌಂಡರು. ಇಲ್ಲಿ ನನ್ನ ವಿಧಾನದಲ್ಲಿ ಒಂದು ತಪ್ಪಿತ್ತು. ಅವರ ಬಾಣ ಗುರಿಗೆ ಬೀಳುವುದಿಲ್ಲ, ಸರಿ. ಆದರೆ ಎಲ್ಲಿಗಾದರೂ ಬೀಳುತ್ತದೆ, ಬಿದ್ದಲ್ಲೆಲ್ಲ ಅಂಕವಿದೆ. ಅವರು ಏಳು, ಹದಿನೆಂಟು, ಮೂರು ಎಂದು ಇಳಿಯುತ್ತಲೇ ಬಂದರು. ನಾನು ಅವರಿಗಿಂತ ಬಹಳ ಮುಂದಿದ್ದೆ. ಎರಡೇ ಅಂಕ ಉಳಿದಿತ್ತು. ಕೊನೆಯ ಬಾಣ ಮಾತ್ರ ದುಪ್ಪಟ್ಟು ಅಂಕದ ಜಾಗಕ್ಕೇ ಬೀಳಬೇಕು, ಅದು ನಿಯಮ. ಎರಡು ಉಳಿದವನಿಗೆ ಒಂದರ ಮನೆಯ ಹೊರ ಅಂಚಿನ ಕಿರುಬೆರಳಗಲದ ಪಟ್ಟಿ. ಮನೆಯಲ್ಲಿ ಐದಕ್ಕೊಂದು ಸಲ ಹೊಡೆಯುತ್ತಿದ್ದೆ. ಅಂದು ನಾಲ್ಕು ಸರದಿ ಎಸೆದರೂ ಒಂದು ಬಾಣವೂ ಅಲ್ಲಿಗೆ ಬೀಳಲಿಲ್ಲ. ನೋಟ್‌ಬುಕ್ಕಿನಲ್ಲಿ ಸುತ್ತ ನಿಂತು ನೋಡುವವರಿಗೆ ನಾನು ಕಾಲಂ ಮಾಡಿರಲಿಲ್ಲ.

ಎರಡೂ ಕಡೆಯ ಅಂಕ ಇಳಿಯುವುದನ್ನು ನೋಡಿ, ಜನರ ನಡುವೆ ಕೂತಿದ್ದ ಪಕ್ಕದ ಮನೆಯ ಪೋಸ್ಟ್‌ಮಾಸ್ಟರಿಗೆ ತಡೆಯಲಾಗಲಿಲ್ಲ. "ಐನೂರ ಒಂದು ಇದ್ದದ್ದು ಎರಡಕ್ಕೆ ಬಂತಲ್ಲ, ಪಾಪ! ಆಟ ಸಾಕು ಅನ್ನಿ ಮಾಷ್ಟ್ರೆ, ಹುಡುಗನಿಗೆ ಇರೋ ಎರಡಾದ್ರೂ ಉಳೀಲಿ."

ಕಂಪೌಂಡರು ನಲವತ್ತಕ್ಕೆ ಬಂದು ನಿಂತರು. ಅಂದರೆ ಇಪ್ಪತ್ತರ ಮನೆಯ ಹೊರ ಅಂಚಿನ ಪಟ್ಟಿಗೆ ಒಂದು ಬಾಣ ಬಿದ್ದರೆ ಅವರು ಗೆದ್ದಂತೆ. ಅಷ್ಟರಲ್ಲಿ ಕಾಫಿ ಬಂತು. ಅಪ್ಪ ಕಂಪೌಂಡರಿಗೆ ಲೋಟ ಕೊಡುತ್ತ, ಮಾತಿಗೆ ಏನಾದರೂ ಹೇಳಬೇಕಲ್ಲ ಎಂದು, "ಇದೊಂದು ಗೆದ್ರೆ ಇವನಿಗೆ ಸರ್ಕಾರಿ ನೌಕರಿ. ಇಲ್ದಿದ್ರೆ ತಮ್ಮನ ಮಿಲ್ಲೇ ಗತಿ" ಎಂದುಬಿಟ್ಟರು.

ಕಂಪೌಂಡರು ಲೋಟ ಕೆಳಗಿಟ್ಟು ಸೀದಾ ನನ್ನ ಬಳಿ ಬಂದು ಕಿವಿಯಲ್ಲಿ ಹೇಳಿದರು. "ಮೊದ್ಲೇ ಹೇಳ್ಬಾರ್ದಾ ಮಾರಾಯ್ರೆ? ಎಂತ ಹೆದರ್ಬೇಡಿ. ನಾನು ತಪ್ಪಿಸ್ತೇನೆ."

ಈ ಮನುಷ್ಯ ಗುರಿ ಇಟ್ಟಲ್ಲಿಗೆ ಹೊಡೆದದ್ದೇ ಇಲ್ಲ. ಈಗ ತಪ್ಪಿಸಲು ಗುರಿ ಇಡುತ್ತಾರಂತೆ!

"ಬೇಡ ಕಂಪೌಂಡರೇ. ನಿಮ್ಮ ಕಾಲಿಗೆ ಬೀಳ್ತೀನಿ. ಎಂದಿನ ಹಾಗೇ ಆಡಿ. ಇಪ್ಪತ್ತರ ಅಂಚಿಗೇ ಗುರಿ ಇಡಿ. ಗೆಲ್ಲೋಕೆ ಅಂತಲೇ ಹೊಡೀರಿ."

"ಛೇ ಛೇ! ಚಿನ್ನದಂಥ ಹುಡುಗನ ಅನ್ನಕ್ಕೆ ಕಲ್ಲು ಹಾಕ್ತೇನಾ?" ಎಂದವರೇ ಗೆರೆಗೆ ಹೋಗಿ ನಿಂತರು.

ಮೊದಲನೆಯದನ್ನು ನೆಲಕ್ಕೆ ಗುರಿ ಇಟ್ಟು ಎಸೆದರು. ಅದು 'ಟಣ್' ಎಂದು ಬೋರ್ಡಿನ ಅಂಚಿನ ತಂತಿಗೆ ತಾಗಿ ಕೆಳಗೆ ಬಿತ್ತು. ಇದೇಕೋ ಹತ್ತಿರ ಬಂತು ಎಂದು ಅವರಿಗೆ ಗಾಬರಿಯಾಯಿತು. ಎರಡನೆಯದಕ್ಕೆ ಪೂರ್ತಿ ಎಡಕ್ಕೆ ತಿರುಗಿ, ಬಾಗಿಲನ್ನು ದಿಟ್ಟಿಸಿ, ಬಲವಾಗಿ ಎಸೆದರು.

ಬಾಣ ಇಪ್ಪತ್ತರ ಹೊರ ಅಂಚಿನ ಪಟ್ಟಿಯಲ್ಲಿ, ಪಟ್ಟಿಯ ಸರಿಯಾದ ಮಧ್ಯದಲ್ಲಿ, ನಡುಗುತ್ತ ನಿಂತಿತು.

ಅಪ್ಪ ಕರಿಹಲಗೆಯ ಮೇಲೆ ಕಂಪೌಂಡರ ಹೆಸರಿನ ಕೆಳಗೆ ಸೊನ್ನೆ ಬರೆದರು. ಗೌಡರ ಆಳುಗಳು "ಬಿತ್ತು, ಬಿತ್ತು!" ಎಂದು ಕೂಗಿದರು.

ಕಂಪೌಂಡರು ಅಳುವುದೊಂದು ಬಾಕಿ. "ನಾನು ಹೊಡೆದದ್ದು ಬಾಗಿಲಿಗೆ ಸಾರ್! ದೇವರಾಣೆ ಬಾಗಿಲಿಗೆ! ಇದು ಲೆಕ್ಕಕ್ಕೆ ಬೇಡ. ಸರ್ಟಿಫಿಕೇಟಿಗೆ ಈ ಹುಡುಗನ ಹೆಸರು ಹಾಕಿ."

ದನದ ಡಾಕ್ಟರು ಎದ್ದು ನಿಂತಿದ್ದರು. ಅವರ ಕಣ್ಣು ತುಂಬಿತ್ತು. "ಸಾಧ್ಯವೇ ಇಲ್ಲ. ಹನ್ನೆರಡು ವರ್ಷ ಎಮ್ಮೆಯ ಹಗ್ಗ ಹಿಡಿದು ನಿಮ್ಮ ಎದುರು ನಿಂತಿದೀನಿ. ನಿಮ್ಮ ಸೂಜಿ ಎಮ್ಮೆಗಿಂತ ಹೆಚ್ಚು ನನ್ನ ಕೈಗೆ ಬಿದ್ದಿದೆ. ನೀವು ಸರಿಯಾದ ಜಾಗಕ್ಕೆ ಹೊಡೆದದ್ದನ್ನ ನಾನು ಇವತ್ತೇ ನೋಡಿದ್ದು. ಇದಕ್ಕೆ ಸಹಿ ಹಾಕದೆ ನಾನು ಇಲ್ಲಿಂದ ಏಳೋದಿಲ್ಲ." ಎದ್ದು ನಿಂತಿದ್ದವರು ಹಾಗೆಂದು ಮತ್ತೆ ಕೂತು ಸಹಿ ಹಾಕಿದರು.

ದೀಪಾವಳಿ ಕಳೆದ ಮೇಲೆ ನಾನು ತೀರ್ಥಹಳ್ಳಿಗೆ ಬಂದೆ. ಮಿಲ್ಲಿನ ಗೋಡೌನಿನ ಗೋಡೆಗೆ ಬೋರ್ಡು ತೂಗುಹಾಕಲು ಚಿಕ್ಕಪ್ಪ ಒಪ್ಪಿದ್ದಾರೆ. ದಿನಾ ಸಂಜೆ ಐದಕ್ಕೆ ಕಂಪೌಂಡರು ತಪ್ಪದೆ ಬರುತ್ತಾರೆ. ಅಂದಿನದು ಅವರ ಮನಸ್ಸಿಗೆ ಬಹಳ ಹತ್ತಿದೆ. "ಬರೋ ವರ್ಷ ಮತ್ತೆ ಅರ್ಜಿ ಕರೀತಾರಲ್ಲ, ಆಗ ನೋಡಿ. ಗ್ಯಾರಂಟಿ ತಪ್ಪಿಸ್ತೇನೆ" ಎಂದು, ಬಾಗಿಲಿಗೆ ಗುರಿ ಇಟ್ಟು ಒಂದು ಗಂಟೆ ಅಭ್ಯಾಸ ಮಾಡುತ್ತಾರೆ. ನಾನು ಬರೆದಿಡುತ್ತೇನೆ. ಮೊದಲ ತಿಂಗಳು ನೂರಕ್ಕೆ ಹನ್ನೊಂದು ನಡುವಿನ ಬೊಟ್ಟಿಗೆ ಬಿದ್ದವು. ಈ ತಿಂಗಳು ಮೂವತ್ತನಾಲ್ಕು.

"ಹೇಗೆ ಮಾರಾಯ್ರೆ, ಕೈ ಸ್ವಲ್ಪನಾದ್ರೂ ಹಾಳಾಗಿದ್ಯಾ?" ಎಂದು ಹೊರಡುವ ಮೊದಲು ಆಸೆಯಿಂದ ಕೇಳುತ್ತಾರೆ. ನಾನು ನೋಟ್‌ಬುಕ್ಕು ತೋರಿಸುತ್ತೇನೆ. "ಛೇ" ಎಂದು ಹಣೆ ಚಚ್ಚಿಕೊಂಡು, ಬಾಗಿಲ ಕಡೆ ತಿರುಗಿ, ಕಣ್ಣು ಕಿರಿದು ಮಾಡಿ, ಇನ್ನೊಂದು ಎಸೆಯುತ್ತಾರೆ.

ಮೂವತ್ತೈದು ಎಂದು ತಿದ್ದುತ್ತೇನೆ.